ಸೊಸೆ ವಿಳಾಸ ಬದಲಿಸಿದ್ದು

ಹಳೆ ಮನೆಗೆ ಬಂದ ಕಾಗದಗಳನ್ನು ಅಂಚೆಯವರೇ ಹೊಸ ಮನೆಗೆ ತಲುಪಿಸುವ ಏರ್ಪಾಡಿಗೆ ಇಲ್ಲಿ ಇಂಗ್ಲಿಷರ ನಾಡಿನಲ್ಲಿ ಒಂದು ಹೆಸರಿದೆ. ರೀ... ರೀಡೈ... ಅರ್ಧ ಬಾಯಿಗೆ ಬಂದು ಅಲ್ಲೇ ಕೂರುತ್ತದೆ. ಹೋಗಲಿ, ಅದೊಂದನ್ನು ನಾವು ಮಾಡಿಸಿರಲಿಲ್ಲ. ಪಿಆರ್, ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿಗೆ ಅರ್ಜಿ ಹಾಕಿ ಕಾಯುತ್ತಿರುವವರು ನಡುವೆ ಮನೆ ಬದಲಿಸಿದರೆ ಏನಾದರೊಂದು ನಡೆದೇ ನಡೆಯುತ್ತದೆ. ನಮ್ಮ ಮನೆಯಲ್ಲಿ ನಡೆದದ್ದು ಇಷ್ಟು.

೧. ಎಲ್ಲರಿಗೂ ತಿಳಿಸಿದ್ದು

ಸೊಸೆ ಹುಬ್ಬಳ್ಳಿಯವಳು. ಅವಳೂ ಮಗನೂ ಹೇಸ್‌ನಲ್ಲಿ ಬಾಡಿಗೆಗಿದ್ದರು. ಅವಳು ಪಿಆರ್‌ಗೆ ಅರ್ಜಿ ಹಾಕಿದ ಮೇಲೆ ಮಾಲೀಕ ಬಾಡಿಗೆ ಏರಿಸಿದ. ಇಬ್ಬರೂ ಕಿಂಗ್ಸ್‌ಬರಿಯ ನನ್ನ ಮನೆಗೆ ಬಂದರು. ವಲಸೆ ಕಚೇರಿಯ ಒಂದು ಪತ್ರ ಕೈತಪ್ಪಿದರೂ ಇಷ್ಟು ವರ್ಷ ಕಾದದ್ದು ನೀರುಪಾಲು ಎಂಬ ಭಯ ಅವಳಿಗೆ. ಕಚೇರಿಗೆ, ಕೌನ್ಸಿಲ್ಲಿಗೆ, ಬ್ಯಾಂಕಿಗೆ, ಸರ್ಕಾರಿ ಡಾಕ್ಟರಾದ ಜಿಪಿಗೆ ಒಂದೇ ದಿನ ಹೊಸ ವಿಳಾಸ ತಿಳಿಸಿದಳು. ಸಂಜೆ ಕೊತ್ತಂಬರಿ ತರಲು ಹೋದವಳು ಅಂಗಡಿಯವನಿಗೂ ಹೇಳಿ ಬಂದಳು. ಅವನು ಪಾಪ, ತನ್ನ ಮನೆ ವಿಳಾಸವನ್ನೂ ಹೇಳಿದನಂತೆ.

೨. ಬಾಗಿಲ ಮೇಲಿನ ಫಲಕ

ಇಲ್ಲಿ ಯಾರೂ ಬಾಗಿಲಿಗೆ ಹೆಸರು ಹಾಕುವುದಿಲ್ಲ. ಪೋಸ್ಟ್‌ಮ್ಯಾನ್‌ಗೆ ಅನುಮಾನ ಬರಬಾರದೆಂದು ಇವಳು ತವರಿನಲ್ಲಿ ಹಾಕುವಂತೆ ಇಂಗ್ಲಿಷಿನಲ್ಲಿ ಹೆಸರು, ಮುಂದೆ ಎಂ.ಎ., ಬಿ.ಎಡ್. ಬರೆಸಿ ಫಲಕ ತೂಗುಹಾಕಿದಳು. ಮೂರನೆಯ ಮನೆಯ ಗುಜರಾತಿ ಅಜ್ಜ ಮೊಣಕಾಲಿನ ಎಕ್ಸ್‌ರೇ ಹಿಡಿದು ಬಂದರು. ಡಾಕ್ಟರಲ್ಲ ಎಂದರೂ ಏಳಲಿಲ್ಲ. ಜಿಪಿ ಸಿಗಲು ಎಷ್ಟು ದಿನ ಕಾಯಬೇಕೋ, ನೀನು ಸಿಕ್ಕಿದ್ದೀಯಲ್ಲ ಎಂದರು. ಇವಳು ಚಹಾ ಕೊಟ್ಟು, ದಿನವೂ ಪಾರ್ಕಿನವರೆಗೆ ನಡೆಯಿರಿ ಎಂದಳು. ಮರುವಾರ ಅವರು ಹೆಂಡತಿಯನ್ನೂ ಕರೆತಂದರು.

ಫಲಕ ತೆಗೆಯೋಣವೇ ಎಂದೆ.

"ಪಿಆರ್ ಬರೋತನಕ ಇರ್ಲಿ ಬಿಡ್ರಿ ಅತ್ತಿ."

ಅಲ್ಲಿಯತನಕ ನಮ್ಮ ಹಾಲ್ ಕ್ಲಿನಿಕ್ಕೇ ಆಗಿತ್ತು.

೩. ಖಾಲಿ ಡಬ್ಬಿ

ಹೇಸ್ ಮನೆಗೆ ಹೊಸದಾಗಿ ಬಂದವನು ಪೋಲೆಂಡಿನ ಬಸ್ ಡ್ರೈವರ್. ಬೀಗದ ಕೈ ಕೊಡುವಾಗ ಸೊಸೆ ಅವನಿಗೊಂದು ಸ್ಟೀಲ್ ಡಬ್ಬಿ ತುಂಬ ಶೇಂಗಾ ಹೋಳಿಗೆ ಕೊಟ್ಟು, ನಮ್ಮ ವಿಳಾಸವನ್ನೂ ಬರೆದುಕೊಟ್ಟು, ನಮ್ಮಲ್ಲಿ ಡಬ್ಬಿ ಖಾಲಿ ಹಿಂದಿರುಗಿಸುವುದಿಲ್ಲ ಎಂದು ನಕ್ಕು ಬಂದಿದ್ದಳು. ಗುರುತಿಲ್ಲದವನಿಗೆ ಒಳ್ಳೇ ಡಬ್ಬಿ ಕೊಟ್ಟೆಯಲ್ಲ ಎಂದು ನಾನು ಬಹಳ ದಿನ ಕಾಡಿಸಿದೆ. ಅವಳು ನಗುತ್ತಿದ್ದಳು, ಅಷ್ಟೇ.

ಕೊನೆಗೊಂದು ಶನಿವಾರ ಆತ ಎಲಿಜಬೆತ್ ಲೈನ್ ರೈಲು ಹಿಡಿದು, ಬಸ್ ಬದಲಿಸಿ ಬಂದ. ಡಬ್ಬಿ ಭಾರವಾಗಿತ್ತು. ತೆಗೆದರೆ ಹಿತ್ತಲಿನ ನಾಲ್ಕು ಸೇಬು. ಸುತ್ತಲೂ ಒಡೆಯದ ಲಕೋಟೆಗಳು. ಒಂದರ ಮೇಲೆ ಸೊಸೆಯ ಹೆಸರು. ವಿಳಾಸ ಬದಲಾಗುವ ಮೊದಲೇ ಕಚೇರಿಯಿಂದ ಹೊರಟಿದ್ದ ಪತ್ರ. ಇನ್ನೊಂದು ದಾಖಲೆ ಕೇಳಿದ್ದರು, ಗಡುವು ಸೋಮವಾರ. ಸೊಸೆ ಕೂತಲ್ಲೇ ಅತ್ತುಬಿಟ್ಟಳು.

ಆತ ಗಾಬರಿಯಾದ. "ತಪ್ಪು ತಿಳಿಯಬೇಡಿ. ಸೇಬು ನಾಲ್ಕೇ ಸಿಕ್ಕವು, ಡಬ್ಬಿ ಖಾಲಿ ಖಾಲಿ ಕಾಣುತ್ತಿತ್ತು. ಬಾಗಿಲ ಹಿಂದೆ ಬಿದ್ದಿದ್ದ ಕಾಗದ ತುರುಕಿದೆ."

ದಾಖಲೆ ಆ ಸಂಜೆಯೇ ಆನ್‌ಲೈನ್‌ನಲ್ಲಿ ಕಚೇರಿಗೆ ಹೋಯಿತು. ಪಿಆರ್ ಬಂತು. ಅಪರಿಚಿತನಿಗೆ ಹೋಳಿಗೆ ಕೊಡುವ ಬುದ್ಧಿ ನನಗೆ ಈ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ. ಸೊಸೆ ಮತ್ತೆ ಡಬ್ಬಿ ತುಂಬಿಸಿ ಕೊಟ್ಟಳು.

ಇವತ್ತು ಬೆಳಿಗ್ಗೆ ಅವನ ಫೋನು. ಅವನೂ ಮನೆ ಬದಲಿಸುತ್ತಿದ್ದಾನೆ. ಬ್ಯಾಂಕಿಗೆ ಹೇಳಿದೆಯೇನಪ್ಪಾ ಎಂದೆ. ಇನ್ನೂ ಇಲ್ಲವಂತೆ. ಕೌನ್ಸಿಲ್ಲಿಗೆ? ಅದೂ ಇಲ್ಲ. ಹೋಳಿಗೆ ಹಳೆ ಮನೆಗೆ ಹೋಗಬಾರದೆಂದು ಮೊದಲು ನಮಗೇ ತಿಳಿಸುತ್ತಿದ್ದಾನೆ.

ಪಕ್ಕದಲ್ಲಿ ಮಗಳ ಮಗಳು ಕೂತಿದ್ದಳು. "ಪುಟ್ಟೀ, ಪೆನ್ನು ತಗೋ," ಎಂದು ಫೋನು ಅವಳ ಕೈಗಿಟ್ಟೆ. "ಮಾಮ ವಿಳಾಸ ಹೇಳ್ತಾನೆ, ಬರಕೋ."