ಮುಖ ಅವರದು, ಕೈ ನನ್ನದು

ನನಗೆ ಪಾತ್ರೆ ತಿಕ್ಕಲು ಬರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಸರ್ವಮಾನ್ಯ ಸತ್ಯ. ಅದನ್ನು ಸ್ಥಾಪಿಸಲು ನಾನು ಪಟ್ಟ ಶ್ರಮ ನನಗೇ ಗೊತ್ತು. ಮದುವೆಯಾದ ಹೊಸದರಲ್ಲಿ ಅತ್ತೆಯವರು ಪ್ರೀತಿಯಿಂದ ಕೊಟ್ಟಿದ್ದ ಪಿಂಗಾಣಿ ಬಟ್ಟಲುಗಳಲ್ಲಿ ಎರಡನ್ನು ಕೈಯಾರೆ ಜಾರಿಸಿ, ಸರಿಯಾದ ಹೊತ್ತಿಗೆ "ಅಯ್ಯಯ್ಯೋ!" ಎಂದೆ. ಹೆಂಡತಿ ಅಂದೇ ನನ್ನನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದಳು. (ಬ್ರಹ್ಮಚಾರಿಯಾಗಿದ್ದಾಗ ನಾನು ತಿಕ್ಕಿದ ಬಾಣಲೆಯಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದಿತ್ತು, ಅದು ಬೇರೆ ಮಾತು.) ಅಂದಿನಿಂದ ಊಟವಾದ ಮೇಲೆ ನನಗೆ ಸೋಫಾ, ಕಾಫಿ, ಪರಮಸುಖ. ಲೋಟ ಹಿಡಿದರೆ ನನ್ನ ಕಿರುಬೆರಳು ತಾನಾಗಿ ಮೇಲೇಳುತ್ತದೆ, ಅಷ್ಟು ಸುಖ.

ಇಮೇಜು ಕಟ್ಟುವುದು ನನ್ನ ಹೊಟ್ಟೆಪಾಡೂ ಹೌದು. ಸಿನಿಮಾ ಪತ್ರಿಕೆಯಲ್ಲಿ ತಾರೆಯರ ಖಾಸಗಿ ಬದುಕಿನ ಬಗ್ಗೆ ಬರೆಯುತ್ತೇನೆ. ಅವರಿಗೇ ಗೊತ್ತಿಲ್ಲದ ಅವರ ಖಾಸಗಿ ಬದುಕು!

ಮೊನ್ನೆ ಅಭಿಮಾನಿಗಳ ಆರಾಧ್ಯದೈವ 'ಸಿಡಿಲಣ್ಣ'ನ ಸರದಿ. ಬರೀ ಹೊಡೆದಾಟದ ಹೀರೋ. ಹೆಂಗಸರು ಅವನ ಸಿನಿಮಾದ ಕಡೆ ತಲೆ ಹಾಕುತ್ತಿಲ್ಲವೆಂದು ನಿರ್ಮಾಪಕರು ಗೋಳಾಡಿದರು. ನನ್ನ ತಲೆಯಲ್ಲಿ ತಕ್ಷಣ ದೀಪ ಹತ್ತಿತು: 'ಹೆಂಡತಿಗಾಗಿ ಪಾತ್ರೆ ತಿಕ್ಕುವ ಸಿಡಿಲಣ್ಣ!'

ಸ್ಟುಡಿಯೋದಲ್ಲಿ ಅಡುಗೆಮನೆಯ ಸೆಟ್ಟು ಸಿದ್ಧವಾಯಿತು. ಸಿಂಕಿನಲ್ಲಿ ಸೀದ ಬಾಣಲೆ. (ಸೀಯಿಸಿದವರು ಕಲಾನಿರ್ದೇಶಕರು.) ಇಪ್ಪತ್ತು ಜನರನ್ನು ಒಂದೇ ಏಟಿಗೆ ಕೆಡವುವ ಸಿಡಿಲಣ್ಣ ಬಾಣಲೆ ನೋಡಿ ಹಿಂದೆ ಸರಿದ.

"ಸೋಪು ಮುಟ್ಟಿದ್ರೆ ನಂಗೆ ಆಗಲ್ಲ ಸಾರ್. ಉಗುರು ಬೇರೆ ಈಗಷ್ಟೇ ಮಾಡಿಸ್ಕೊಂಡು ಬಂದಿದೀನಿ."

ಫೋಟೋಗ್ರಾಫರ್ ಧೈರ್ಯ ಹೇಳಿದ: "ಮುಖ ನಿಮ್ಮದು ತೆಗೀತೀನಿ, ಕೈ ಬೇರೆಯವರದು ತೆಗೆದು ಪಕ್ಕದಲ್ಲಿ ಹಾಕೋಣ."

ಎಲ್ಲರೂ ನನ್ನ ಕಡೆ ತಿರುಗಿದರು. ಏನು ಮಾಡಲಿ, ತೋಳು ಮಡಚಿದೆ. ವರ್ಷಗಟ್ಟಲೆ ಅದುಮಿಟ್ಟಿದ್ದ ಪ್ರತಿಭೆ ನೋಡಿ, ಉಕ್ಕಿ ಬಂತು. ಬಾಣಲೆ ಫಳಫಳ.

ಪತ್ರಿಕೆ ಬಂದದ್ದೇ ತಡ, ಹೆಂಡತಿ ಆ ಪುಟ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

"ನೋಡ್ರೀ ಆ ಕೈನ! ಅಂಚು ಬಿಡದ ಹಾಗೆ ತಿಕ್ತಿದಾರೆ. ಕೆಲವರೂ ಇದಾರೆ, ಬಟ್ಟಲು ಮುಟ್ಟಿದ್ರೆ ಚೂರು ಚೂರು!"

"ಅವನೆಲ್ಲಿ ತಿಕ್ತಾನೇ? ಅದೆಲ್ಲಾ ಫೋಟೋದವರ ಕೈಚಳಕ."

"ಹೊಟ್ಟೆಕಿಚ್ಚು ನಿಮಗೆ!"

ನಮ್ಮಲ್ಲಿಗೆ ಬಂದಿದ್ದ ಅತ್ತೆಯವರು ಕನ್ನಡಕ ಏರಿಸಿ ಫೋಟೋ ನೋಡಿದರು. "ಇಂಥ ಅಳಿಯ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣಮ್ಮಾ" ಎಂದು ನನ್ನ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು.

ಬೆಳಿಗ್ಗೆ ಆ ಕೈ, ಸಂಜೆ ಆ ಕೈ. ಪಕ್ಕದ ಮನೆಯವರನ್ನೂ ಕರೆದು ಆ ಕೈಯ ದರ್ಶನ ಮಾಡಿಸಿದಳು. ನನ್ನದೇ ಕೈಗೆ ಸಿಗುತ್ತಿದ್ದ ಹೊಗಳಿಕೆಯೆಲ್ಲ ಆ ಸೋಪುಹೇಡಿಯ ಖಾತೆಗೆ! ನನಗೂ ಮಾನ ಮರ್ಯಾದೆ ಇಲ್ಲವೇ?

"ಗಂಡಸಿನ ಕೈ ಅಂದ್ರೆ ಅದು" ಎಂದು ಅವಳು ಮತ್ತೊಮ್ಮೆ ಶುರು ಮಾಡಿದಾಗ ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ಅದು ನನ್ನ ಕೈ ಕಣೇ! ಆ ಬಾಣಲೆ ತಿಕ್ಕಿದ್ದು ನಾನು!"

ಇಬ್ಬರೂ ಬೆರಗಾಗಿ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಹೆಂಡತಿ ಸಮಾಧಾನವಾಗಿ ನಕ್ಕಳು.

"ಗೊತ್ತು ರೀ. ಬಾಣಲೆ ತಿಕ್ಕುವಾಗ್ಲೂ ಕಿರುಬೆರಳು ಎತ್ತಿದೀರಲ್ಲ! ನೋಡಿದ ಕೂಡ್ಲೇ ಗುರುತು ಸಿಕ್ತು. ನಿಮ್ಮ ಬಾಯಿಂದಾನೇ ಬರ್ಲಿ ಅಂತ ಹೊಗಳ್ತಾ ಇದ್ದೆ."

"ಹಾಗಾದ್ರೆ ನನ್ನ ಎರಡು ಬಟ್ಟಲು?" ಎಂದರು ಅತ್ತೆ.

ಈಗ ಊಟವಾದ ಮೇಲೆ ನಾನು ಸಿಂಕಿನ ಮುಂದೆ. ಸೋಫಾದಲ್ಲಿ ಹೆಂಡತಿ, ಕೈಯಲ್ಲಿ ಕಾಫಿ, ಬೇಕೆಂದೇ ಮೇಲಕ್ಕೆತ್ತಿದ ಕಿರುಬೆರಳು.

"ರೀ, ಸಿಡಿಲಣ್ಣನಿಗೆ ಬಟ್ಟೆ ಒಗೆಯೋಕೂ ಬರುತ್ತೆ ಅಂತ ಒಂದು ಬರೀರಲ್ಲ!"