ಶನಿವಾರದ ಕಬ್ಬಿಣ

ಮಗ್ಗುಲ ಮನೆಯ ಬಸಣ್ಣನ ಮಾತು ಕೇಳಿದ್ದೇ ತಪ್ಪಾಯಿತು. "ಆ ಅಂಬಾಸಿಡರ್ ಮಾರಿಬಿಡ್ರಿ ಕಾಕಾ, ಓಣ್ಯಾಗ ಎಮ್ಮಿ ಅಡ್ಡ ಮಲಗಿದಂಗ ಕಾಣತೈತಿ" ಎಂದು ಅವನು ದಿನವೂ ಕೊರೆದ. ವಿದ್ಯಾನಗರದ ಹತ್ತಿ ವ್ಯಾಪಾರಿ ನೀಲಕಂಠಪ್ಪ ಬೇಸತ್ತು, ಶುಕ್ರವಾರ ಸಂಜೆ ಅದನ್ನು ದುರ್ಗದಬೈಲಿನ ಮೇಸ್ತ್ರಿ ಹುಸೇನಬಾಷಾನಿಗೆ ಮಾರಿಬಿಟ್ಟ.

ಶನಿವಾರ ಬೆಳಿಗ್ಗೆ ಪೂಜೆ ಮುಗಿಸಿ, ರೂಢಿಯಂತೆ ಅರಿವೆ ಹಿಡಿದು ಓಣಿಗಿಳಿದ. ಒರೆಸಲು ಕಾರಿರಲಿಲ್ಲ. ತೀರಿಹೋದ ಹೆಂಡತಿ ರುಕ್ಮವ್ವ ಕೂಡುತ್ತಿದ್ದ ಎಡಗಡೆಯ ಸೀಟೂ ಅದರೊಡನೆ ಹೋಗಿತ್ತು. ಚಪ್ಪಲಿ ಮೆಟ್ಟಿ, ಬಸಣ್ಣನನ್ನೂ ಎಳೆದುಕೊಂಡು ರಿಕ್ಷಾ ಹತ್ತಿದ.

ಹುಸೇನಬಾಷಾ ಅವನ ಮುಖ ನೋಡಿಯೇ ನಕ್ಕ. "ಬರ್ತೀರಂತ ಗೊತ್ತಿತ್ರಿ ಯಜಮಾನ್ರ. ಒಯ್ರಿ ನಿಮ್ಮ ಗಾಡಿ."

ನೀಲಕಂಠಪ್ಪ ಕಾರಿನ ಬಾಗಿಲಿಗೆ ಕೈ ಹಾಕಿದ್ದನಷ್ಟೆ.

"ಕಾಕಾ! ಶನಿವಾರ ಕಬ್ಬಿಣ ಕೊಳ್ತೀರೇನು?" ಎಂದ ಬಸಣ್ಣ.

ಕಾದ ಹಂಚು ಮುಟ್ಟಿದಂತೆ ಕೈ ಹಿಂದಕ್ಕೆ ಬಂತು. ಶನಿವಾರದ ದಿನ ಅವರ ಮನೆಗೆ ಒಂದು ಮೊಳೆ ಕೂಡ ಬಂದದ್ದಿಲ್ಲ. "ನಾಳಿ ಒಯ್ತೀನಿ, ಇಟ್ಟಿರು" ಎಂದ.

"ಸಂಜೀಕ ಗದಗಿನ ಗಿರಾಕಿ ಬರ್ತಾರ್ರಿ. ಗಾಡಿ ಇದ್ರ ಅವರಿಗೆ ಇಲ್ಲ ಅನ್ನಾಕ ಬರೂದಿಲ್ಲ" ಎಂದ ಮೇಸ್ತ್ರಿ.

ಬಸಣ್ಣ ಎದೆ ತಟ್ಟಿಕೊಂಡ. "ಇವತ್ತ ನನ್ನ ರೊಕ್ಕದಲೆ, ನನ್ನ ಹೆಸರಲೆ ತಗೋತೀನಿ ಕಾಕಾ. ನಾಳಿ ನಿಮಗ."

"ನಿನಗ ಶನಿ ಹಿಡದ್ರ?"

"ಹಿಡದು ಭಾಳ ವರ್ಷ ಆತ್ರಿ. ಮತ್ತೆಲ್ಲಿ ಹಿಡೀತಾನ?"

ನೀಲಕಂಠಪ್ಪನ ಕಣ್ಣು ತುಂಬಿ ಬಂತು. ಬಸಣ್ಣನಿಗೆ ಕೇಡಾಗದಿರಲೆಂದು ನೆಟ್ಟಗೆ ಶಿವನ ಗುಡಿಗೆ ಹೋಗಿ ಎಳ್ಳೆಣ್ಣೆಯ ದೀಪ ಹಚ್ಚಿದ.

ಸಂಜೆ ಗೇಟಿನ ಮುಂದೆ ಹಾರ್ನ್ ಕೇಳಿ ಓಡಿ ಬಂದ. ಕಾರಿಗೆ ಚೆಂಡುಹೂವಿನ ಮಾಲೆ. ಒಳಗೆ ಬಸಣ್ಣ, ಅವನ ಎಡಕ್ಕೆ ಹೆಂಡತಿ ನಾಗರತ್ನಾ.

"ಸಿಟ್ಟಾಗಬ್ಯಾಡ್ರಿ ಕಾಕಾ" ಎಂದು ಬಸಣ್ಣ ತಲೆ ಕೆರೆದುಕೊಂಡ. "ಇಕಿನ್ನ ಕುಂಡ್ರಿಸಿಕೊಂಡು ಸತ್ತೂರತನಕ ಹೋಗಿ ಬಂದೆ. ಮದಿವಿ ಆದಾಗಿಂದ ಇವತ್ತ ಮೊದಲನೇ ಸಲ ನನ್ನ ನೋಡಿ ನಕ್ಕಳ್ರಿ. ಇನ್ನ ಇದನ್ನ ಹ್ಯಾಂಗ ಕೊಡ್ಲಿ?"

ನಾಗರತ್ನಾ ಇನ್ನೂ ನಗುತ್ತಲೇ ಇದ್ದಳು. ಆ ಸೀಟಿನಲ್ಲಿ ಕೂತ ಹೆಣ್ಣುಮಕ್ಕಳ ನಗೆ ಹೇಗಿರುತ್ತದೆಂದು ನೀಲಕಂಠಪ್ಪನಿಗೆ ಗೊತ್ತಿತ್ತು. ಇಳಿಯವ್ವಾ ಎನ್ನಲು ಅವನ ನಾಲಗೆ ಏಳಲಿಲ್ಲ.

"ಮಬ್ಬಾ, ಶನಿವಾರ ಮನಿಗೆ ಕಬ್ಬಿಣ ತಂದ್ಯಲ್ಲೋ!" ಎಂದಷ್ಟೇ ಎಂದ.

"ಮನಿಗೆ ಎಲ್ಲಿ ತಂದೇನ್ರಿ? ಅದಕ್ಕ ನಿಮ್ಮ ಗೇಟಿನ ಮುಂದ ನಿಲ್ಲಿಸೇನಿ" ಎನ್ನುತ್ತ ಬಸಣ್ಣ ಚಾವಿ ಜೇಬಿಗಿಳಿಸಿದ. "ಬೆಳಗಾಗೂತನಕ ಒಂದೀಟು ಕಣ್ಣಿಟ್ಟಿರ್ರಿ."

ನೀಲಕಂಠಪ್ಪ "ಶಿವಶಿವಾ" ಎನ್ನುತ್ತ ಕುರ್ಚಿ ತರಲು ಒಳಗೆ ಹೋದ.