ಬೀಗರ ಮುಂದೆ ಬಿಳಿ ಬೆರಳು

ನಂಜನಗೂಡಿನ ಮಹಾದೇವಸ್ವಾಮಿಯವರಿಗೆ ಈ ಲೋಕದಲ್ಲಿ ಒಂದೇ ಕೊರಗು: ಹೆಂಡತಿ ಸರ್ವಮಂಗಳಾ ನೀರು ಕುಡಿಯುವುದಿಲ್ಲ. ಮನೆಯ ಹಿಂದೆ ಕಪಿಲೆ ಹರಿಯುತ್ತಾಳೆ, ಮುಂದೆ ನಲ್ಲಿ ಸುರಿಯುತ್ತದೆ, ಈಕೆ ಮಾತ್ರ ಕಾಫಿ ಬಿಟ್ಟರೆ ಗಂಟಲಿಗೆ ಹನಿ ಇಳಿಸುವವಳಲ್ಲ. (ಊಟದ ನಡುವೆ ಬಿಕ್ಕಳಿಕೆ ಬಂದರೆ ಅದು ಬೇರೆ ಮಾತು.)

ಮೊದಲು ಇದು ಬರೀ ಗಂಡಹೆಂಡಿರ ಜಗಳವಾಗಿತ್ತು. ಕಳೆದ ಚಳಿಗಾಲದಿಂದ ಕಾಯಿಲೆಯ ವಿಷಯವಾಯಿತು. ತಣ್ಣೀರು ಮುಟ್ಟಿದರೆ ಸಾಕು, ಸರ್ವಮಂಗಳಾಳ ಕೈಬೆರಳು, ಕಾಲ್ಬೆರಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ಆಮೇಲೆ ನೀಲಿ ತಿರುಗಿ, ಜೋಮು ಹಿಡಿಯುತ್ತಿದ್ದವು. ಮೈಸೂರಿನ ಡಾಕ್ಟರು ಅದಕ್ಕೆ ರೇನಾಡ್ಸ್ ಎಂದು ಹೆಸರು ಹೇಳಿದರು. "ಚಳಿಗೆ ಬೆರಳಿನ ರಕ್ತನಾಳ ಬಿಗಿದುಕೊಳ್ತವೆ ಅಷ್ಟೆ. ಕೈಕಾಲು ಬೆಚ್ಚಗಿಟ್ಕೊಳ್ಳಿ, ಕಾಫಿ ಕಡಿಮೆ ಮಾಡಿ, ದಿನವಿಡೀ ಸ್ವಲ್ಪ ಸ್ವಲ್ಪ ನೀರು ಕುಡೀತಿರಿ" ಎಂದರು.

ಮಹಾದೇವಸ್ವಾಮಿಯವರ ಕಿವಿಗೆ ಬಿದ್ದದ್ದು ನೀರು ಒಂದೇ. ಬೆಚ್ಚಗಿಡುವುದೂ, ಸ್ವಲ್ಪ ಸ್ವಲ್ಪ ಎನ್ನುವುದೂ ಡಾಕ್ಟರ ಕೋಣೆಯಲ್ಲೇ ಉಳಿದವು. ತಾಂಡ್ಯದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿ ಜನರ ಮೇಲೆ ಕಣ್ಣಿಟ್ಟು ರೂಢಿಯಾಗಿದ್ದ ಅವರು, ಮನೆಯ ಜಲಸಂಪನ್ಮೂಲ ಖಾತೆಯನ್ನು ಅಂದೇ ವಹಿಸಿಕೊಂಡರು.

"ಕುಡಿ ಕಣೇ."

"ಈಗ್ತಾನೆ ಕುಡುದ್ನಲ್ಲ ಕಣ್ರೀ."

"ಅದು ಮುದ್ದೆ ನುಂಗಕ್ಕೆ ಕುಡುದಿದ್ದು. ಕಾಯ್ಲೆ ಲೆಕ್ಕಕ್ಕೆ ಬರಲ್ಲ."

"ನಾನೇನು ಎಮ್ಮೆನಾ, ಬಾನಿ ಮುಂದೆ ನಿಲ್ಸಿ ಕುಡ್ಸಕ್ಕೆ?"

ಹೀಗೆ ನಡೆಯುತ್ತಿರುವಾಗ ಟಿ. ನರಸೀಪುರದಲ್ಲಿ ಸರ್ವಮಂಗಳಾಳ ಅಕ್ಕ ಪುಟ್ಟಬಸಮ್ಮನ ಮಗಳು ನಯನಳಿಗೆ ನಿಶ್ಚಿತಾರ್ಥ ಗೊತ್ತಾಯಿತು. ಗಂಡು ಚಿಕ್ಕಯ್ಯನಛತ್ರದ ಕಡೆಯವನು. ಪುಟ್ಟಬಸಮ್ಮನಿಗೆ ಗಂಡನಿಲ್ಲ. ಹಾಗಾಗಿ ಬೀಗರೊಡನೆ ತಾಂಬೂಲದ ತಟ್ಟೆ ಬದಲಾಯಿಸುವುದು ಮಹಾದೇವಸ್ವಾಮಿಯವರ ಪಾಲಿಗೂ, ಬೀಗಿತ್ತಿಯರಿಗೆ ಅರಿಶಿನ ಕುಂಕುಮ ಕೊಡುವುದು ಸರ್ವಮಂಗಳಾಳ ಪಾಲಿಗೂ ಬಂತು. ಸುದ್ದಿ ಕೇಳಿ ಸರ್ವಮಂಗಳಾ ಕಂಗಾಲಾದಳು.

"ಈ ಚಳೀಲಿ ಕುಂಕುಮ ಕೊಡೋವಾಗ ಬೆರಳು ಬೆಳ್ಳಗಾದ್ರೆ ಏನ್ರೀ ಮಾಡದು? ತೊನ್ನು ಅನ್ಕತಾರೆ. ಎಣ್ಣಿನ ಚಿಕ್ಕಮ್ಮಂಗೆ ತೊನ್ನು ಅಂತ ಸುದ್ದಿಯಾದ್ರೆ ಆ ಮಗಿನ ಮದ್ವೆ ಆದಂಗೇಯ."

ತೊನ್ನಿದ್ದರೂ ಅದರಿಂದ ಯಾರ ಗಂಟೂ ಹೋಗುವುದಿಲ್ಲ ಎಂದು ಮಹಾದೇವಸ್ವಾಮಿಯವರಿಗೆ ಗೊತ್ತು. ಬೀಗರಿಗೆ ಗೊತ್ತೋ ಇಲ್ಲವೋ, ಅದು ಗೊತ್ತಿಲ್ಲ. ಹೆಂಡತಿಯ ಮುಖ ನೋಡಿ ಅವರಿಗೆ ಪಾಪ ಎನಿಸಿತು. "ನಾನಿಲ್ವಾ" ಎಂದು ಎದೆ ತಟ್ಟಿಕೊಂಡರು.

ನಿಶ್ಚಿತಾರ್ಥದ ಬೆಳಿಗ್ಗೆ ಕಾರಿನಲ್ಲಿ ಜನಕ್ಕಿಂತ ಫ್ಲಾಸ್ಕುಗಳೇ ಹೆಚ್ಚಾಗಿದ್ದವು. ಊರು ಬಂದರೆ ಒಂದು ಲೋಟ, ಹಂಪು ಬಂದರೆ ಒಂದು ಲೋಟ. ಟಿ. ನರಸೀಪುರ ಮುಟ್ಟಿದೊಡನೆ ಸರ್ವಮಂಗಳಾ ಅಕ್ಕನನ್ನು ಮಾತೂ ಆಡಿಸದೆ ಹಿತ್ತಲಿಗೆ ಓಡಿದಳು.

ಪುಟ್ಟಬಸಮ್ಮನ ಮನೆಯಲ್ಲಿ ಹಿತ್ತಲಿಗೆ ಹೋದವರು ಕೈಕಾಲು ತೊಳೆಯದೆ ಹೊಸಿಲು ದಾಟುವಂತಿಲ್ಲ. ತೊಟ್ಟಿಯ ನೀರೋ, ರಾತ್ರಿಯೆಲ್ಲ ಬಯಲಲ್ಲಿದ್ದು ಕೊರೆಯುತ್ತಿತ್ತು. ಸರ್ವಮಂಗಳಾ ಶಾಸ್ತ್ರೋಕ್ತವಾಗಿ ತೊಳೆದುಕೊಂಡು ಒಳಗೆ ಬಂದಾಗ ಹತ್ತು ಬೆರಳೂ ಬೆಳ್ಳಗಾಗಿದ್ದವು. ಮಹಾದೇವಸ್ವಾಮಿಯವರು ಗಾಬರಿಯಾಗಿ ಇನ್ನೆರಡು ಲೋಟ ಕುಡಿಸಿದರು. ಆಕೆ ಮತ್ತೆ ಓಡಿದಳು, ಮತ್ತೆ ತೊಳೆದಳು.

"ನೀವು ಕುಡುಸ್ತೀರಿ, ನಾನು ಓಗ್ತೀನಿ. ಓಗಿದ್ಕೆ ತೊಳೀತೀನಿ, ತೊಳ್ದಿದ್ಕೆ ಬೆಳ್ಳಗಾಯ್ತದೆ. ಇದು ಯಾವ ಸೀಮೆ ಔಷ್ದಿ ಕಣ್ರೀ?" ಎಂದು ಆಕೆ ಅಳುವ ದನಿಯಲ್ಲಿ ಕೇಳಿದಳು.

ಡಾಕ್ಟರು ಬೆಚ್ಚಗಿಡಿ ಎಂದೂ ಹೇಳಿದ್ದರೆಂಬುದು ಆಗ ಸೂಪರ್‌ವೈಸರರ ತಲೆಗೆ ಹೊಳೆಯಿತು. ಬೀಗರು ಬರುವ ಹೊತ್ತು. ಅಡಿಗೆಯವರು ಗ್ಯಾಸ್ ಒಲೆ ಬಿಟ್ಟುಕೊಡಲಿಲ್ಲ. ಮಹಾದೇವಸ್ವಾಮಿಯವರು ಜರಿಯಂಚಿನ ಪಂಚೆ ಎತ್ತಿ ಕಟ್ಟಿ, ಹಿತ್ತಲ ಹಂಡೆಯೊಲೆಗೆ ತೆಂಗಿನ ಗರಿ ತುರುಕಿ, ಕಣ್ಣುಮೂಗಲ್ಲಿ ನೀರು ಸುರಿಸುತ್ತ ಊದಿದರು. ಒಂದು ಬಕೆಟ್ ಉಗುರುಬೆಚ್ಚಗಿನ ನೀರಿನಲ್ಲಿ ಕೈಕಾಲು ಅದ್ದಿಸಿದ ಮೇಲೆ ಹೆಂಡತಿಯ ಬೆರಳುಗಳಿಗೆ ಮೆಲ್ಲಗೆ ರಂಗು ಬಂತು. ಅದನ್ನು ನೋಡಿ ಅವರಿಗಾದ ಸಂತೋಷ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ.

ಅಷ್ಟರಲ್ಲಿ ಬೀಗರ ವ್ಯಾನ್ ಬಂತು. ದಾರಿಯುದ್ದಕ್ಕೂ ಚಳಿಯಲ್ಲಿ ಬಂದ ಹೆಂಗಸರು ಇಳಿದವರೇ ಹಿತ್ತಲು ಕೇಳಿದರು. ಬಿಸಿನೀರಿದೆ ಎಂಬ ಸುದ್ದಿ ಹಬ್ಬಿ ಸಾಲು ನಿಂತಿತು. ಅವರೆಲ್ಲ ಒಳಗೆ ಹೋಗಿ ಸರ್ವಮಂಗಳಾಳಿಂದ ಕುಂಕುಮ ತೆಗೆದುಕೊಂಡರು. ಯಾರೂ ಅವಳ ಬೆರಳಿನ ಕಡೆ ನೋಡಲೂ ಇಲ್ಲ. ಇತ್ತ ಮಹಾದೇವಸ್ವಾಮಿಯವರು ಹಂಡೆಗೆ ನೀರು ಹೊಯ್ಯುತ್ತಲೇ ಇದ್ದರು.

"ಸ್ವಾಮ್ಯೋರೆ, ಬಿರ್ನೆ ಬನ್ನಿ, ತಟ್ಟೆ ಬದಲಾಯ್ಸಕ್ಕೆ ಕರೀತಾವ್ರೆ" ಎಂದು ಪುಟ್ಟಬಸಮ್ಮ ಕೂಗಿದಳು.

ಅವರು ಓಡಿ ಬಂದು, ಕುಳಿತು, ಗೆದ್ದ ಠೀವಿಯಿಂದ ತಟ್ಟೆ ಮುಂದೆ ಚಾಚಿದರು. ಹುಡುಗನ ಅಜ್ಜಿ ತಟ್ಟೆಯ ಅಂಚನ್ನೇ ನೋಡಿದರು. ಆಮೇಲೆ ಪುಟ್ಟಬಸಮ್ಮನ ಕಡೆ ಬಾಗಿ, ಇಡೀ ಹಜಾರಕ್ಕೆ ಕೇಳುವ ಪಿಸುದನಿಯಲ್ಲಿ ಕೇಳಿದರು:

"ಅಲ್ಲ ಕಣವ್ವ, ಇವರ ಬೆರಳ್ಯಾಕೆ ಇಂಗೆ ಕರ್ರಗವೆ? ನಿಮ್ಮ ಕಡೆ ಏನಾರ ಕಾಯ್ಲೆ ಅದಾ?"

ಮಹಾದೇವಸ್ವಾಮಿಯವರು ಬಾಯಿ ತೆರೆದರು, ಹೊಗೆ ಕುಡಿದ ಗಂಟಲಿಂದ ಕೆಮ್ಮು ಮಾತ್ರ ಬಂತು. (ಕೆಮ್ಮು ಕೇಳಿ ಬೀಗರು ಇನ್ನಷ್ಟು ಹಿಂದೆ ಸರಿದರು.) ಪುಟ್ಟಬಸಮ್ಮನ ಮುಖದಲ್ಲಿ ರಕ್ತವಿಲ್ಲ. ಆಗ ಸರ್ವಮಂಗಳಾ ಕುಂಕುಮದ ಬಟ್ಟಲು ಕೆಳಗಿಟ್ಟು ಮುಂದೆ ಬಂದಳು.

"ಅದು ಒಲೆ ಮಸಿ ಕಣಮ್ಮ. ಕಾಯ್ಲೆ ಇರದು ನಂಗೆ. ತಣ್ಣೀರು ಮುಟ್ಟುದ್ರೆ ಬೆರಳು ಬೆಳ್ಳಗಾಯ್ತವೆ. ನೀವು ತೊನ್ನು ಅನ್ಕತೀರ ಅಂತ ಎದ್ರುಕೊಂಡಿದ್ದೆ. ಅದ್ಕೇ ಇವರು ಆಗ್ಲಿಂದ ಒಲೆ ಮುಂದೆ ಕೂತವ್ರೆ."

ಇಷ್ಟು ದಿನ ಮುಚ್ಚಿಟ್ಟದ್ದನ್ನು ಗಂಡನ ಮಾನ ಉಳಿಸಲು ಆಕೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಳು. ಅಜ್ಜಿ ಆಕೆಯ ಬೆರಳು ನೋಡಿದರು, ಗಂಡನ ಕೈಮಸಿ ನೋಡಿದರು, ಕೊನೆಗೆ ಮೊಮ್ಮಗನ ಕಡೆ ತಿರುಗಿದರು.

"ನೋಡ್ಕೊಳ್ಲಾ. ಎಂಡ್ತೀಗೆ ಬಿಸ್ನೀರು ಕಾಯ್ಸೋ ಗಂಡ್ಸಿರೋ ಮನೆ ಇದು. ಇವ್ರು ಎಣ್ಣು ಕೊಡಲ್ಲ ಅಂದ್ರೂ ನಾವು ಬುಡಬಾರ್ದು."

ಹಜಾರ ನಕ್ಕಿತು, ತಟ್ಟೆ ಬದಲಾಯಿತು. ಪುಟ್ಟಬಸಮ್ಮ ತಂಗಿಯ ಕೈ ಹಿಡಿದು ಕಣ್ಣೊರೆಸಿಕೊಂಡಳು. ಮಹಾದೇವಸ್ವಾಮಿಯವರು ಮೀಸೆಯಡಿ ನಗುತ್ತ ಹೋಳಿಗೆಯ ಎಲೆಯತ್ತ ಹೊರಟಿದ್ದರು. ಅಜ್ಜಿ ಮತ್ತೆ ಕರೆದರು.

"ಬೀಗ್ರೆ, ಮದ್ವೆ ಛತ್ರದಲ್ಲೂ ಬಿಸ್ನೀರಿನ ಜವಾಬ್ದಾರಿ ನಿಮ್ದೇಯ. ಈಗ ಉಂಡು ಕೈ ತೊಳೀಬೇಕಲ್ಲ, ಅಂಡೆ ತುಂಬುಸ್ಬುಡಿ."

ಎರಡೂ ಕಡೆಯ ಹೆಂಗಸರು ಒಕ್ಕೊರಲಿನಿಂದ ಒಪ್ಪಿದರು. ಎಲ್ಲರಿಗಿಂತ ಮೊದಲು ಒಪ್ಪಿದವಳು ಸರ್ವಮಂಗಳಾ.